ಉಪ್ಪುಕಾಗದದ ಮೇಲೊಂದು ಕೆಂಪು ಚುಕ್ಕೆ

ನನ್ನ ಮೇಜಿನ ಖಾನೆಯಲ್ಲಿ, ಕನ್ನಡಕದ ಹಳೆಯ ಡಬ್ಬಿಗೂ ನಿವೃತ್ತಿಯ ದಿನ ಕಾರ್ಖಾನೆಯ ಗೆಳೆಯರು ಕೊಟ್ಟ ಕೈಗಡಿಯಾರಕ್ಕೂ ನಡುವೆ, ಅಂಗೈಯಗಲದ ಒಂದು ಉಪ್ಪುಕಾಗದದ, ಎಂದರೆ ಸ್ಯಾಂಡ್‌ಪೇಪರಿನ, ಚೂರು ಇದೆ. ಉಜ್ಜಿ ಉಜ್ಜಿ ಅದರ ಉಪ್ಪೆಲ್ಲ ಉದುರಿ ಈಗ ಅದು ಬರೀ ಕಾಗದವಾಗಿ ಉಳಿದಿದೆ. ಮಗುವಿನ ಕೆನ್ನೆಗೆ ಸವರಿದರೂ ಗೀರು ಬೀಳದು. ಖಾನೆ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ನನ್ನ ಹೆಂಡತಿ ಅದನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿದ್ದಾಳೆ, ಎರಡು ಸಲವೂ ನಾನು ಎತ್ತಿ ತಂದು ಮತ್ತೆ ಅಲ್ಲಿಯೇ ಇಟ್ಟಿದ್ದೇನೆ. ಅದರ ನಡುಮಧ್ಯೆ ಕಡಲೆಕಾಳಿನಷ್ಟು ದೊಡ್ಡದೊಂದು ಕೆಂಪು ಚುಕ್ಕೆಯಿದೆ. ಕಂಡವರೆಲ್ಲ ಅದನ್ನು ತುಕ್ಕು ಎಂದುಕೊಳ್ಳುತ್ತಾರೆ. ತುಕ್ಕಲ್ಲ.

ತುಕ್ಕಿನ ವಿಷಯದಲ್ಲಿ ನೀವು ನನ್ನ ಮಾತನ್ನು ನಂಬಬಹುದು, ಏಕೆಂದರೆ ಹೊಸೂರಿನ ಕಾರ್ಖಾನೆಯೊಂದರ ಪೇಂಟ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ್ದು ಅದೊಂದೇ ಕೆಲಸ: ಬಣ್ಣ ಬಳಿದು ಬಂದ ಕಬ್ಬಿಣವನ್ನು ದೀಪದ ಕೆಳಗೆ ಹಿಡಿದು, ಎಲ್ಲಿ ಗುಳ್ಳೆ, ಎಲ್ಲಿ ಬಿರುಕು, ನಾಳೆ ಎಲ್ಲಿಂದ ತುಕ್ಕು ಇಣುಕೀತು ಎಂದು ಹುಡುಕುವುದು. ಆ ಕಣ್ಣು ಕೆಲಸದ ಹೊತ್ತು ಮುಗಿದ ಮೇಲೂ ಮುಚ್ಚುತ್ತಿರಲಿಲ್ಲ. ಬಸ್ಸಿನ ಕಿಟಕಿಯ ಸರಳು, ನೆಂಟರ ಮನೆಯ ಗೇಟು, ಮದುವೆ ಮಂಟಪದ ಮಡಚು ಕುರ್ಚಿ, ಎಲ್ಲದರಲ್ಲೂ ನಾನು ತುಕ್ಕನ್ನು ಕಂಡು, ಕಂಡದ್ದನ್ನು ಹೇಳಿ, ಹೇಳಿದ್ದಕ್ಕೆ ಹೆಂಡತಿಯಿಂದ ತೊಡೆಗೆ ಚಿವುಟಿಸಿಕೊಂಡವನು. ಕಾರ್ಖಾನೆಯಲ್ಲಿ ನಮಗೆ ಕಲಿಸಿದ್ದೂ ನಾನು ಕಲಿಸಿದ್ದೂ ಒಂದೇ ಪಾಠ: ತುಕ್ಕು ತಾನಾಗಿ ಬರುವುದಿಲ್ಲ, ತುಕ್ಕು ಇದ್ದಲ್ಲಿ ಯಾರದೋ ಅಲಕ್ಷ್ಯ ಇರುತ್ತದೆ. ಆ ಪಾಠವನ್ನು ನಾನು ವೇದವಾಕ್ಯದಂತೆ ನಂಬಿಕೊಂಡಿದ್ದೆ.

ಇನ್ನು ಗಾಡಿಯ ವಿಷಯ. ಅವಲಪಲ್ಲಿಯ ನಮ್ಮ ಹಳೆಯ ಮನೆಯ ಪಕ್ಕದ ಇಳಿಸು ಮಾಡಿನ ಕೆಳಗೆ ಗಿಳಿಹಸಿರು ಬಣ್ಣದ ಒಂದು ಪಿಕಪ್ ಗಾಡಿ ಇದೆ. ಮಿಲಿಟರಿಯವರು ಬೇಡವೆಂದು ಹರಾಜಿಗಿಟ್ಟಿದ್ದನ್ನು ನಮ್ಮಪ್ಪ ತಂದು, ಹಿಂದೆ ಹಲಗೆಯ ತೊಟ್ಟಿ ಕೂರಿಸಿ, ಹಸಿರು ಬಳಿಸಿ, ಕೀಲಿಕೈಯನ್ನು ನಮ್ಮಣ್ಣ ಮುನಿರಾಜುವಿನ ಕೈಗೆ ಕೊಟ್ಟ. ಅಣ್ಣನಿಗೆ ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ನಾನು ಓದಿನಲ್ಲಿ ಚುರುಕು ಎಂದು ನನಗೆ ಪುಸ್ತಕ, ಅವನು ಕೈಕೆಲಸದಲ್ಲಿ ಚುರುಕು ಎಂದು ಅವನಿಗೆ ಸ್ಟೇರಿಂಗು. ನಮ್ಮಪ್ಪ ಮಾಡಿದ ಪಾಲು ಅಷ್ಟೇ, ಆಮೇಲೆ ನಾವಿಬ್ಬರೂ ಬೇರೆ ಪಾಲು ಕೇಳಲಿಲ್ಲ.

ಆ ಗಾಡಿ ಹೊರದ ಹೊರೆಯಿಲ್ಲ. ನಸುಕಿನಲ್ಲಿ ಗುಲಾಬಿ, ಬಿಸಿಲೇರಿದರೆ ಟೊಮೇಟೊ, ಸುಗ್ಗಿಯಲ್ಲಿ ರಾಗಿ, ಮಾವಿನ ಕಾಲದಲ್ಲಿ ಕೃಷ್ಣಗಿರಿಯಿಂದ ಬುಟ್ಟಿಗಟ್ಟಲೆ ಹಣ್ಣು, ನಡುನಡುವೆ ಊರಿನ ಬಸುರಿಯರು, ಬಾಣಂತಿಯರು, ಮದುವೆಯ ದಿಬ್ಬಣ, ತೊರಪಲ್ಲಿ ಅಗ್ರಹಾರದಿಂದ ಹಳೆ ಮನೆ ಬಿಚ್ಚಿದವರ ತೊಲೆ. ನಾನು ಐಟಿಐ ಸೇರಲು ಹೊರಟಾಗ ನನ್ನ ಹಾಸಿಗೆ ಸುರುಳಿ ಅದರಲ್ಲೇ ಹೋಯಿತು. ಕಾರ್ಖಾನೆಯ ಸಂದರ್ಶನದ ದಿನ ಬಸ್ಸು ತಪ್ಪಿದಾಗ, ಕೋಸಿನ ಮೂಟೆಗಳ ನಡುವೆ ಇಸ್ತ್ರಿ ಅಂಗಿ ಸುಕ್ಕಾಗದಂತೆ ನೆಟ್ಟಗೆ ಕೂತುಕೊಂಡು ನಾನು ಅದರಲ್ಲೇ ಹೋದೆ. ನನ್ನ ಮಗಳು ಸುಮಾ ಹುಟ್ಟಿದ ಹನ್ನೊಂದನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ. ಹೆದ್ದಾರಿಯ ಉದ್ದಕ್ಕೂ ಅಣ್ಣ ಎರಡನೇ ಗೇರು ದಾಟಲಿಲ್ಲವಂತೆ, ಹಿಂದಿನ ಲಾರಿಯವರೆಲ್ಲ ಹಾರನ್ನು ಬಾರಿಸಿ ಬೈದರಂತೆ. ಇವತ್ತು ಕೂತು ಎಣಿಸಿದರೆ ನನ್ನ ಬದುಕಿನಲ್ಲಿ ಒಳ್ಳೆಯದೆಂದು ಬಂದದ್ದೆಲ್ಲ ಆ ಗಾಡಿಯಿಂದಲೇ ಇಳಿದು ಬಂದದ್ದು, ಮತ್ತು ಅಷ್ಟನ್ನೂ ಓಡಿಸಿಕೊಂಡು ಬಂದವನು ನನ್ನಣ್ಣ.

ಇಷ್ಟಕ್ಕೆಲ್ಲ ಪ್ರತಿಯಾಗಿ ನಾನು ಆ ಗಾಡಿಗೆ ಮಾಡುತ್ತಿದ್ದದ್ದು ಒಂದೇ ಸೇವೆ: ಆಯುಧ ಪೂಜೆ. ಅಪ್ಪ ತೀರಿಕೊಂಡ ಮೇಲೆ ಆ ಅಧಿಕಾರ ನನಗೆ ಬಂತು, ಯಾಕೆಂದರೆ ನಮ್ಮ ಮನೆಯಲ್ಲಿ ಎರಡು ಮಂತ್ರದ ಸಾಲನ್ನು ತಪ್ಪಿಲ್ಲದೆ ಹೇಳಬಲ್ಲವನು ನಾನೊಬ್ಬನೇ. ನಾನು ಏನನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ. ಬಾನೆಟ್ಟಿಗೆ ಮೂರು, ಬಾಗಿಲಿಗೊಂದೊಂದು, ನಾಲ್ಕು ಚಕ್ರದ ಮೇಲಿನ ಕಮಾನಿಗೆ ನಾಲ್ಕು, ಹಿಂದಿನ ಹಲಗೆಯ ಕಬ್ಬಿಣದ ಪಟ್ಟಿಗೆ ಎರಡು ಎಂದು ವಿಭೂತಿಯನ್ನು ನೀರಿನಲ್ಲಿ ಕಲಸಿ ಬಳಿದು, ಅದರ ಮೇಲೆ ಅರಿಶಿನ, ಕುಂಕುಮ ಇಟ್ಟು, ನೀರು ತೊಟ್ಟಿಕ್ಕುವ ಚೆಂಡುಹೂವಿನ ಹಾರವನ್ನು ಬಾನೆಟ್ಟಿನ ಚಿಲಕಕ್ಕೆ ಬಿಗಿದು, ಅದೇ ಚಿಲಕದ ಮೇಲೆ ತೆಂಗಿನಕಾಯಿ ಒಡೆದು, ಆ ನೀರು ಒಳಕ್ಕೂ ಹೊರಕ್ಕೂ ಹರಿಯುವುದನ್ನು ಕಣ್ತುಂಬ ನೋಡುತ್ತಿದ್ದೆ. ಹೊರಡುವಾಗ ಒಂದು ಕಟ್ಟಪ್ಪಣೆ ಬೇರೆ: "ಅಣ್ಣಾ, ಪೂಜೆ ಮಾಡಿದ್ದನ್ನು ಒರೆಸಬಾರದು. ತಾನಾಗಿ ಉದುರಬೇಕು." ಹಾರ ಕಾರ್ತಿಕ ಮುಗಿಯುವವರೆಗೂ ಒಣಗುತ್ತ ನೇತಾಡುತ್ತಿತ್ತು.

ಈಗ ಜೂಜುವಾಡಿಯ ಆ ದಿನಕ್ಕೆ ಬರಬೇಕು. ಬರಲು ನನಗೆ ಇಷ್ಟವಿಲ್ಲ, ಆದರೆ ಬಾರದೆ ಈ ಕತೆ ಮುಂದೆ ಹೋಗುವುದಿಲ್ಲ. ಸುಮಾ ಆಗ ಪ್ಲಸ್ ಟೂ ಓದುತ್ತಿದ್ದಳು. ಗಡಿಯಾಚೆ ಅತ್ತಿಬೆಲೆಯಲ್ಲಿ ಯಾವುದೋ ಪರೀಕ್ಷೆ ಇತ್ತೆಂದು, ಗುಲಾಬಿ ತುಂಬಿಕೊಂಡು ಆ ಕಡೆ ಹೊರಟಿದ್ದ ದೊಡ್ಡಪ್ಪನ ಪಕ್ಕದಲ್ಲಿ ಹತ್ತಿ ಕೂತಳು. ಗಡಿಯ ಚೆಕ್‌ಪೋಸ್ಟಿರುವ ಜೂಜುವಾಡಿಯಲ್ಲಿ, ಲಾರಿಗಳ ಸಂತೆಯ ನಡುವೆ ಬಾನೆಟ್ಟಿನ ಚಿಲಕ ಕಿತ್ತು, ಬಾನೆಟ್ಟು ಹಾರಿ ಎದುರಿನ ಗಾಜನ್ನೇ ಮುಚ್ಚಿತು. ಮುಂದೆ ಏನೂ ಕಾಣದ ಅಣ್ಣ, ಕಣ್ಣು ಕಟ್ಟಿದಂತಾದರೂ ಗಾಡಿಯನ್ನು ಎಡಕ್ಕೆಳೆದು ಮಣ್ಣಿನ ದಿಬ್ಬಕ್ಕೆ ಕೊಟ್ಟು ನಿಲ್ಲಿಸಿದ. ಇಬ್ಬರಿಗೂ ಒಂದು ತರಚುಗಾಯವೂ ಆಗಲಿಲ್ಲ. ಗುಲಾಬಿ ಮಾತ್ರ ರಸ್ತೆಯ ಪಾಲಾಯಿತು.

ನಾನು ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿಬಂದೆ. ಮಗಳು ಟೀ ಅಂಗಡಿಯ ಬೆಂಚಿನ ಮೇಲೆ ನಡುಗುತ್ತ ಕೂತಿದ್ದಳು. ನಾನು ಅವಳನ್ನು ನೋಡಿದೆ, ಮುರಿದ ಚಿಲಕವನ್ನು ನೋಡಿದೆ, ಅದು ತುಕ್ಕಿನಿಂದ ಹಪ್ಪಳವಾಗಿದ್ದುದನ್ನು ನೋಡಿದೆ. ನನ್ನ ಭಯವೆಲ್ಲ ಒಂದೇ ಉಸಿರಿಗೆ ಕೋಪವಾಯಿತು. "ತುಕ್ಕು ಹಿಡಿಸಿ ಇಟ್ಟಿದ್ದೀಯಲ್ಲಣ್ಣಾ! ಇರೋದೊಂದು ಗಾಡಿ, ಅದನ್ನ ನೋಡ್ಕೊಳ್ಳೋ ಯೋಗ್ಯತೆ ಇಲ್ವಾ ನಿಂಗೆ? ನನ್ ಮಗಳನ್ನ ಸಾಯಿಸ್ತಿದ್ದೆಯಲ್ಲ!" ಎಂದು ಅಷ್ಟು ಜನ ಡ್ರೈವರುಗಳ, ಅಂಗಡಿಯವರ ಎದುರಿಗೆ ಕೂಗಾಡಿದೆ. ಅಣ್ಣ ಮುರಿದ ಚಿಲಕವನ್ನು ಟವೆಲ್ಲಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಗಾಡಿಯನ್ನು ಎಳೆಸಿಕೊಂಡು ಮನೆಗೆ ತಂದು ಮಾಡಿನ ಕೆಳಗೆ ನಿಲ್ಲಿಸಿ, ಕೀಲಿಕೈಯನ್ನು ನಡುಮನೆಯ ಮೊಳೆಗೆ ನೇತುಹಾಕಿದ. ವರ್ಷಗಟ್ಟಲೆ ಅದು ಆ ಮೊಳೆಯಿಂದ ಇಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೂ ನಮ್ಮಲ್ಲಿ ಮಾತು ನಿಂತುಹೋಗಲಿಲ್ಲ. ಹಬ್ಬಕ್ಕೆ ಹೋಗುತ್ತಿದ್ದೆ, ಅತ್ತಿಗೆ ಗೌರಮ್ಮ ಬಡಿಸಿದ್ದನ್ನು ಒಟ್ಟಿಗೆ ಕೂತು ಉಣ್ಣುತ್ತಿದ್ದೆವು, ಮಳೆ, ಬೆಳೆ, ಲೇಔಟು, ಮಂಡಿನೋವು ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೆವು. ಗಾಡಿಯೊಂದನ್ನು ಬಿಟ್ಟು. ಅಣ್ಣ ಹೂವನ್ನು ಬೇರೆಯವರ ಗಾಡಿಯಲ್ಲಿ ಕಳಿಸುತ್ತಿದ್ದ, ತಾನು ಬಸ್ಸಿನಲ್ಲಿ ಓಡಾಡುತ್ತಿದ್ದ. ನಿಜ ಹೇಳುತ್ತೇನೆ, ಆ ಮಾತಿನ ಒರಟುತನಕ್ಕೆ ನನಗೆ ಎಷ್ಟೋ ಸಲ ನಾಚಿಕೆಯಾಗಿತ್ತು. ಆದರೆ ಮಾತು ಮಾತ್ರ ಸರಿಯೇ ಎಂದು ಒಳಗೊಳಗೆ ನಂಬಿದ್ದೆ. ಅಲಕ್ಷ್ಯವಿಲ್ಲದೆ ತುಕ್ಕಿಲ್ಲ, ಅಲ್ಲವೇ?

ನಾನು ನಿವೃತ್ತನಾದ ಮೇಲೆ ನಾವೂ ಹಳೆಯ ಮನೆಗೇ ಬಂದು ಇರುವುದೆಂದು ನಾಲ್ವರೂ ಕೂತು ತೀರ್ಮಾನಿಸಿ, ಮನೆಯ ದುರಸ್ತಿಗೆ ಕೈಹಾಕಿದೆವು. ಸುತ್ತಲೂ ಲೇಔಟುಗಳು ಎದ್ದು, ನಮ್ಮ ಮಣ್ಣಿನ ಗೋಡೆಯ, ನಾಡಹೆಂಚಿನ ಮನೆ ಎತ್ತರದ ಹುಡುಗರ ನಡುವೆ ಸಿಕ್ಕಿಕೊಂಡ ಅಜ್ಜಿಯ ಹಾಗೆ ನಿಂತಿತ್ತು. ರಾಯಕೋಟೆ ಕಡೆಯ ಮೇಸ್ತ್ರಿ ಬಂದು, ಒದ್ದೆ ಹಿಡಿದ ಗೋಡೆಯನ್ನು ಬೆರಳಿನಿಂದ ತಟ್ಟಿ, "ಸಿಮೆಂಟು ಬಳಿಸಿದ್ದು ಯಾರು ಸಾಮಿ? ಮಣ್ಣಿನ ಗೋಡೆ ಉಸುರಾಡ್ಬೇಕು. ನೀವು ಬಾಯಿ ಮುಚ್ಚಿಬುಟ್ರಿ, ನೀರೆಲ್ಲ ಒಳಗೇ ಕೂತೈತೆ" ಎಂದ. ಸಿಮೆಂಟು ಬಳಿಸಿದ್ದು ಯಾರೆಂದು ಅತ್ತಿಗೆ ನನ್ನ ಕಡೆ ನೋಡಿದಳು. ಮನೆ ಗಟ್ಟಿಯಾಗಲಿ ಎಂದು ನನ್ನ ಬೋನಸ್ಸಿನಲ್ಲಿ ನಾನೇ ಬಳಿಸಿದ್ದು. ನಾನು ಹೆಂಚು ಎಣಿಸುವವನಂತೆ ಮೇಲೆ ನೋಡಿದೆ.

ಗಾಡಿ ನಿಂತಿದ್ದ ಕಡೆಯ ಗೋಡೆಯನ್ನು ಬಿಚ್ಚಿ ಕಟ್ಟಬೇಕಾಗಿತ್ತು; ಗಾಡಿ ಅಲ್ಲಿಂದ ಏಳಬೇಕಾಗಿತ್ತು. ಗುಜರಿಯವನು ಬಂದು ಸುತ್ತ ನೋಡಿಕೊಂಡು ಹೋದ. "ಕೊಟ್ಬುಡ್ಲಾ ನಂಜುಂಡ, ಇಟ್ಕೊಂಡು ಏನ್ ಮಾಡ್ತೀಯ" ಎಂದು ನನಗೆ ಹೇಳಿ ಅಣ್ಣ ಟವೆಲ್ಲು ಕೊಡವಿ ತೋಟಕ್ಕೆ ಹೋದ. ಹೋಗುವಾಗ ಅವನು ಗಾಡಿಯ ಕಡೆ ನೋಡಲಿಲ್ಲ. ನೋಡದೆ ಹೋದ ರೀತಿ ನನಗೆ ಚುಚ್ಚಿತು. ಗಾಡಿ ಗುಜರಿಗೆ ಹೋದರೆ ಅಣ್ಣ ಮತ್ತೆ ಅದರ ಸ್ಟೇರಿಂಗು ಹಿಡಿಯುವ ದಿನ ಬರುವುದಿಲ್ಲ. ಹಿಡಿಯದಿದ್ದರೆ ಜೂಜುವಾಡಿಯ ಆ ಮಾತು ನಮ್ಮಿಬ್ಬರ ನಡುವೆ ಕೊನೆಯ ಮಾತಾಗಿಯೇ ಉಳಿಯುತ್ತದೆ, ಅದೂ ಒಂದೇ ಸೂರಿನ ಕೆಳಗೆ. ಗೋಡೆ ಏಳುವವರೆಗೆ ಸಮಯ ಕೊಡಿ ಎಂದು ಗುಜರಿಯವನಿಗೆ ಹೇಳಿ ಕಳಿಸಿದೆ. ಮಾರನೆಯ ದಿನ ಗಾಡಿಯನ್ನು ಅಂಗಳಕ್ಕೆ ತಳ್ಳಿಸಿ, ಕಾರ್ಖಾನೆಯವನ ಗತ್ತಿನಲ್ಲಿ ಅಂಗಿಯ ತೋಳು ಮಡಚಿ, ಉಪ್ಪುಕಾಗದ ಹಿಡಿದು ಕೂತೆ.

ತುಕ್ಕಿನ ಕೆಲಸದಲ್ಲಿ ಒಂದು ನಿಯಮವಿದೆ. ಗಟ್ಟಿ ಕಬ್ಬಿಣ ಸಿಗುವವರೆಗೂ ಉಜ್ಜಬೇಕು. ಮೇಲೆ ಅಂದದ ಬಣ್ಣವಿರುತ್ತದೆ, ಅದರ ಕೆಳಗೆ ಉಬ್ಬು, ಉಬ್ಬಿನ ಕೆಳಗೆ ಪುಡಿ, ಪುಡಿಯ ಕೆಳಗೆ ತೂತು. ತೂತಿನ ಸುತ್ತ ಎಲ್ಲೋ ಒಂದು ಕಡೆ ಬೆಳ್ಳಗೆ ಹೊಳೆಯುವ ಹಳೆಯ ಲೋಹ ಕಂಡಾಗ ಕೈ ತಾನೇ ನಿಧಾನವಾಗುತ್ತದೆ. ಸಂಜೆಗೆ ನನ್ನ ಉಗುರು, ಹುಬ್ಬು, ಮೂಗಿನ ಹೊಳ್ಳೆ ಎಲ್ಲ ಕೆಂಪಾಗಿ, ನಮ್ಮೂರ ಮಣ್ಣಿನಲ್ಲಿ ಹೊರಳಾಡಿದವನಂತೆ ಕಾಣುತ್ತಿದ್ದೆ. ಬೆಸುಗೆಯ ಕೆಲಸಕ್ಕೆ ಜೂಜುವಾಡಿಯಿಂದಲೇ ಸೆಲ್ವಂ ಎಂಬ ಟಿಂಕರನ್ನು ಕರೆಸಿದೆ. ಆತ ನನ್ನ ಹಾಗೆ ಮೇಲಿನಿಂದ ಶುರು ಮಾಡಲಿಲ್ಲ. ಬಂದವನೇ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿಕೊಂಡು, ಬಹಳ ಹೊತ್ತು ಸದ್ದಿಲ್ಲದೆ ಮಲಗಿದ್ದ.

"ಇಲ್ಲಿ ಬಂದು ಪಾರುಂಗ ಸಾರ್" ಎಂದು ಒಳಗಿನಿಂದಲೇ ಕರೆದ. ನೋಡಲು ಮಂಡಿಯೂರಿ ಬಗ್ಗಿದೆ. ಅವನ ಟಾರ್ಚಿನ ಬೆಳಕಿನಲ್ಲಿ ಗಾಡಿಯ ಹೊಟ್ಟೆ ಕರ್ರಗೆ ಮಿರಮಿರ ಮಿಂಚುತ್ತಿತ್ತು. ಪಟ್ಟಿ ಪಟ್ಟಿಗೂ, ಸಂದಿ ಸಂದಿಗೂ ಹಳೆಯ ಎಂಜಿನ್ ಆಯಿಲ್ಲು ಬಳಿದಿತ್ತು, ಒಂದರ ಮೇಲೊಂದು, ಎಷ್ಟೋ ಮಳೆಗಾಲದ ಪದರ. "ಒಂದು ಚುಕ್ಕಿ ತುಕ್ಕಿಲ್ಲ ಸಾರ್. ಹೊಸ ಗಾಡಿಲೂ ಹಿಂಗಿರಲ್ಲ. ಇದನ್ನ ಇಟ್ಕೊಂಡಿದ್ದ ಮನುಷ ಯಾರು? ಅವ್ರ ಕೈಗೆ ಒಂದು ವಣಕ್ಕಂ ಹಾಕ್ಬೇಕು."

 ಅಷ್ಟರಲ್ಲಿ ಒಲೆಯ ಬೂದಿ ಚೆಲ್ಲಲು ಹೊರಗೆ ಬಂದ ಅತ್ತಿಗೆ, "ಇನ್ಯಾರು, ನಮ್ಮನೆಯೋರೇ. ಗಾಡಿ ನಿಲ್ಸಿದ್ಮೇಲೂ ಬುಟ್ಟಿಲ್ಲ. ವರ್ಸ ವರ್ಸ ಮಳೆಗಾಲಕ್ಕೆ ಮುಂಚೆ ಕೆಳಗೆ ಮಲಿಕ್ಕೊಂಡು ಬಳೀತಾರೆ. ಓಡಿಸ್ದೆ ಇರೋ ಗಾಡಿಗೆ ಯಾಕೆ ಅಂದ್ರೆ ಮಾತೇ ಆಡಲ್ಲ" ಎಂದಳು.

ಹಾಗಾದರೆ ಮೇಲಿನ ತುಕ್ಕು? ಸೆಲ್ವಂ ಹೊರಬಂದು ಜೇಬಿನಿಂದ ಸೀಮೆಸುಣ್ಣ ತೆಗೆದ. ಕತ್ತರಿಸಿ ತೆಗೆಯಬೇಕಾದ ಜಾಗಗಳ ಸುತ್ತ ಗುಂಡಗೆ ಗುರುತು ಹಾಕುತ್ತ ಗಾಡಿಯನ್ನು ಒಂದು ಸುತ್ತು ಬಂದ. ಬಾನೆಟ್ಟಿಗೆ ಮೂರು ಸುತ್ತು. ಬಾಗಿಲಿಗೆ ಒಂದೊಂದು. ಚಕ್ರದ ಕಮಾನುಗಳಿಗೆ ನಾಲ್ಕು. ಹಿಂದಿನ ಪಟ್ಟಿಗೆ ಎರಡು. ಚಿಲಕದ ಜಾಗದಲ್ಲಿ ಒಂದು ದೊಡ್ಡದು. ಖಾಲಿ ಮೊರವನ್ನು ಸೊಂಟಕ್ಕೆ ಒತ್ತಿಕೊಂಡು ನಿಂತ ಅತ್ತಿಗೆ ಪಕ್ಕನೆ ನಕ್ಕಳು.

"ಇದೇನ್ಲಾ ನಂಜುಂಡ, ಈ ಸಲ ಆಯುಧ ಪೂಜೆ ಇಷ್ಟು ಬೇಗ ಬಂದ್ಬುಡ್ತಾ? ನೀನು ಕುಂಕುಮ ಇಕ್ಕೋ ತಾವೆಲ್ಲ ಸರಿಯಾಗಿ ಗೀಚವ್ನಲ್ಲ ಈವಯ್ಯ!"

ಅವಳು ತಮಾಷೆಗೆ ಅಂದು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಬಲಗೈಯ ಉಂಗುರಬೆರಳನ್ನು ನೋಡಿಕೊಂಡೆ. ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ, ಅಂಗಳದ ಬಿಸಿಲಿನಲ್ಲಿ ನನ್ನ ಅಷ್ಟೂ ವರ್ಷಗಳ ಪೂಜೆ ಸೀಮೆಸುಣ್ಣದಲ್ಲಿ ಬರೆದು ನಿಂತಿತ್ತು. ಒಂದು ಬೊಟ್ಟೂ ತಪ್ಪಿರಲಿಲ್ಲ. ಒದ್ದೆ ವಿಭೂತಿ ತೇವ ಹಿಡಿದುಕೊಂಡಿತ್ತು, ಕಾಯಿ ಒಡೆದ ಪೆಟ್ಟಿಗೆ ಬಣ್ಣ ಬಿರಿದಿತ್ತು, ಬಿರಿದಲ್ಲಿ ಕಾಯಿಯ ನೀರು ಇಳಿದಿತ್ತು, ಅದರ ಮೇಲೆ ಒದ್ದೆ ಹಾರ ತಿಂಗಳುಗಟ್ಟಲೆ ಕೂತಿತ್ತು. ಜೂಜುವಾಡಿಯಲ್ಲಿ ಕಿತ್ತುಹೋದ ಚಿಲಕವನ್ನು ವರ್ಷಕ್ಕೊಮ್ಮೆ ಭಕ್ತಿಯಿಂದ ಕೊರೆದು ಇಟ್ಟವನು ನಾನೇ.

ಇನ್ನೂ ನಾಚಿಕೆಗೇಡಿನ ಸಂಗತಿಯೊಂದಿದೆ, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಕಾರ್ಖಾನೆಯಲ್ಲೂ ಆಯುಧ ಪೂಜೆ ಆಗುತ್ತಿತ್ತು, ಯಂತ್ರಗಳಿಗೆಲ್ಲ ಕುಂಕುಮ ಬೀಳುತ್ತಿತ್ತು. ಮಾರನೆಯ ಬೆಳಗಿನ ಪಾಳಿಯ ಮೊದಲ ಗಂಟೆಯಲ್ಲಿ ಅದಷ್ಟನ್ನೂ ಥಿನ್ನರಿನಲ್ಲಿ ಒರೆಸಿ ಒಣಗಿಸಬೇಕೆಂದು ಅಪ್ಪಣೆ ಕೊಡುತ್ತಿದ್ದವನು, ಕೊಟ್ಟು ನಿಂತು ಒರೆಸಿಸುತ್ತಿದ್ದವನು ನಾನು. ಕಾರ್ಖಾನೆಯ ದೇವರನ್ನು ಎಂಟು ಗಂಟೆಗೆ ಒರೆಸಿ, ಮನೆಯ ದೇವರನ್ನು ಒರೆಸಬಾರದೆಂದು ಅಣ್ಣನಿಗೆ ಆಜ್ಞೆ ಮಾಡಿದ್ದೆ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಅಣ್ಣನ ಎಲೆಯಲ್ಲಿ ನೊಣ ಹುಡುಕಿದವನು. ಆ ನೊಣವೂ ಅಲ್ಲಿರಲಿಲ್ಲ.

ಉಪ್ಪುಕಾಗದ ಕೈಯಲ್ಲಿ ಹಿಡಿದುಕೊಂಡೇ ತೋಟಕ್ಕೆ ನಡೆದೆ. ಅಣ್ಣ ಗುಲಾಬಿ ಸಾಲಿನ ನಡುವೆ ಬಗ್ಗಿ, ಬೇಗ ಬಿರಿಯದಿರಲೆಂದು ಮೊಗ್ಗುಗಳಿಗೆ ಬಲೆಯ ಟೋಪಿ ತೊಡಿಸುತ್ತಿದ್ದ. ಅವನ ಎದುರಿನ ಸಾಲಿನಲ್ಲಿ ನಿಂತು, ಸೆಲ್ವಂ ಹೇಳಿದ್ದು, ಅತ್ತಿಗೆ ನಕ್ಕಿದ್ದು, ಸೀಮೆಸುಣ್ಣದ ಸುತ್ತು, ಎಲ್ಲ ಒಂದೇ ಸಮನೆ ಹೇಳಿದೆ. "ತುಕ್ಕು ಹಿಡಿಸಿದ್ದು ನಾನು ಅಣ್ಣಾ, ನೀನಲ್ಲ" ಎಂದೆ. ಅವನು ಕೈಯಲ್ಲಿದ್ದ ಮೊಗ್ಗಿಗೆ ಟೋಪಿ ತೊಡಿಸಿ ಮುಗಿಸಿದ.

"ಗೊತ್ತಿತ್ತು ಕಣ್ಲಾ" ಎಂದ.

"ಗೊತ್ತಿತ್ತಾ? ಯಾವಾಗಿಂದ?"

"ಎಷ್ಟೋ ವರ್ಸ ಆತು. ಚಿಲಕದ ತಾವ ಬಣ್ಣ ಉಬ್ಬಿತ್ತು. ಹಾರ ಎತ್ತಿ ನೋಡ್ದೆ."

"ಮತ್ತೆ ಒರಸ್ಬಾರ್ದಾಗಿತ್ತಾ?"

ಅಣ್ಣ ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದ. "ನೀನು ಬತ್ತಿದ್ದೆ, ಉಣ್ತಿದ್ದೆ, ಹೋಗ್ತಿದ್ದೆ. ವರ್ಸಕ್ಕೊಂದಿನ ಗಾಡಿ ಸುತ್ತ ತಿರುಗಿ ಅದನ್ನ ಕೈಯಾಗೆ ಮುಟ್ತಿದ್ದೆ. ಅಪ್ಪ ಇಲ್ದಿರೋ ಮನೇಲಿ ಅದೊಂದು ನೀನು ಮಾಡ್ತಿದ್ದೆ. ನೀನು ಇಕ್ಕಿದ ಕುಂಕುಮಾನ ನಾನೆಂಗ್ಲಾ ಒರಸ್ಲಿ?"

ಜೂಜುವಾಡಿಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಷ್ಟು ಜನದ ಮುಂದೆ ನೀನು ಪೂಜೆ ಮಾಡಿದ್ದೇ ತಪ್ಪು ಅಂತ ಯೋಳ್ಬೇಕಿತ್ತಾ? ಕೂಸು ನಡುಗ್ತಿತ್ತು. ನೀನೂ ನಡುಗ್ತಿದ್ದೆ" ಎಂದ. ಆಮೇಲೆ ಇನ್ನೊಂದು ಮೊಗ್ಗಿಗೆ ಕೈಹಾಕಿ, "ನೋವಾಯ್ತು. ಆಗ್ದೆ ಇರ್ತದಾ? ಸ್ಟೇರಿಂಗು ಹಿಡಿಯಾಕೆ ಕೈಯೇ ಬರ್ಲಿಲ್ಲ" ಎಂದ. ಅರವತ್ತು ದಾಟಿದ ನಾನು ಗುಲಾಬಿ ಸಾಲಿನ ನಡುವೆ ನಿಂತು ಅತ್ತೆ. ಅಣ್ಣ ಒಂದು ಹಿಡಿ ಬಲೆಯ ಟೋಪಿಗಳನ್ನು ನನ್ನ ಕೈಗೆ ಕೊಟ್ಟು, ಆ ಸಾಲು ನೀನು ನೋಡು ಎಂದ. ಕತ್ತಲಾಗುವವರೆಗೆ ಇಬ್ಬರೂ ಮೊಗ್ಗಿಗೆ ಟೋಪಿ ತೊಡಿಸಿದೆವು.

ಆಮೇಲಿನ ಕೆಲಸದಲ್ಲಿ ಅಣ್ಣನೂ ಬಂದು ಕೂತ. ಸೆಲ್ವಂ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದ. ನಾವಿಬ್ಬರೂ ಎದುರುಬದುರು ಕೂತು ಉಜ್ಜಿದೆವು. ಅತ್ತ ಮೇಸ್ತ್ರಿ ನನ್ನ ಸಿಮೆಂಟನ್ನು ಕೆತ್ತಿ ಹಾಕಿ, ಸುಣ್ಣ ಬೆರೆಸಿದ ಮಣ್ಣು ಮೆತ್ತುತ್ತಿದ್ದ. ತುಕ್ಕು ಬಾರದಿರಲೆಂದು ಕಬ್ಬಿಣಕ್ಕೆ ಮೊದಲು ಬಳಿಯುವ ಬಣ್ಣವೂ ತುಕ್ಕಿನ ಬಣ್ಣದ್ದೇ, ಇಟ್ಟಿಗೆಗೆಂಪು. ಮೂವತ್ತು ವರ್ಷ ಅದನ್ನು ಬಳಿಸಿದವನಿಗೆ ಅದು ವಿಚಿತ್ರವೆಂದು ತೋರಿದ್ದು ಆಗಲೇ. ಪ್ರೀತಿಯೂ ತೇವದ ಹಾಗೆಯೇ ಇರಬೇಕು ಎಂದು ನಾನು ಉಜ್ಜುತ್ತ ಯೋಚಿಸುತ್ತಿದ್ದೆ. ಅದಿಲ್ಲದೆ ಏನೂ ಚಿಗುರದು, ಆದರೆ ಹಚ್ಚಿ ಬಿಟ್ಟು ಹೋದರೆ ಗೋಡೆಯನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ನಾನು ವರ್ಷಕ್ಕೊಮ್ಮೆ ಎಲ್ಲರಿಗೂ ಕಾಣುವಂತೆ ಹಚ್ಚಿ ಹೋದೆ. ಅಣ್ಣ ಯಾರಿಗೂ ಕಾಣದ ಕಡೆ, ಅಂಗಾತ ಮಲಗಿ, ಮುಖಕ್ಕೆ ಆಯಿಲ್ಲು ತೊಟ್ಟಿಕ್ಕಿಸಿಕೊಂಡು ಬಳಿದ. ನನ್ನ ಪಾಠದಲ್ಲಿ ತುಕ್ಕಿಗೆ ಅಲಕ್ಷ್ಯವೊಂದೇ ಕಾರಣವಿತ್ತು. ಅಕ್ಕರೆಯಿಂದಲೂ ತುಕ್ಕು ಹಿಡಿಯುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಬಹುದಾಗಿದ್ದವನು ಸುಮ್ಮನಿದ್ದು ನನ್ನನ್ನು ಕಾಪಾಡಿದ. ಇಂಥ ಅಣ್ಣ ಸಿಕ್ಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ಅವರಿಗೆ ನಾನು ದಿನವೂ ಮುಗಿಯುತ್ತೇನೆ.

ನವರಾತ್ರಿಯ ಹೊತ್ತಿಗೆ ಗೋಡೆ ಎದ್ದಿತ್ತು, ಹೆಂಚು ಕೂತಿತ್ತು, ಎಂಜಿನ್ನೂ ದುರಸ್ತಿಯಾಗಿ ಗಿಳಿಹಸಿರು ಗಾಡಿ ಮತ್ತೆ ಗಿಳಿಹಸಿರಾಗಿತ್ತು. ಹೆದ್ದಾರಿಗೆ ಇಳಿಯುವ ವಯಸ್ಸು ಅದಕ್ಕೆ ಮುಗಿದಿದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಸಾಕು. ಕೃಷ್ಣಗಿರಿಯಲ್ಲಿ ಕೆಲಸದಲ್ಲಿರುವ ಸುಮಾ ರಜೆ ಹಾಕಿ ಬಂದಿದ್ದಳು. ಅಂಗಳದಲ್ಲಿ ಕುಡುಗೋಲು, ಗುದ್ದಲಿ, ಹೂ ಕತ್ತರಿ, ಈಳಿಗೆಮಣೆ ಸಾಲಾಗಿ ಇಟ್ಟಿತ್ತು. ನಾನು ನನ್ನ ಆಯುಧವೆಂದು, ಸವೆದುಹೋದ ಈ ಉಪ್ಪುಕಾಗದದ ಚೂರನ್ನು ಅದೇ ಸಾಲಿನ ಕೊನೆಗೆ ಇಟ್ಟೆ. ಕುಂಕುಮದ ತಟ್ಟೆಯನ್ನು ಅಣ್ಣನ ಕೈಗೆ ಕೊಟ್ಟು, "ಈ ವರ್ಷ ನೀನು ಮಾಡು" ಎಂದೆ.

ಮಂತ್ರ ಬಾರದ ಅಣ್ಣ ತಟ್ಟೆ ಹಿಡಿದು ಗಾಡಿಯ ಎದುರಿಗೆ ಹೋಗಿ ನಿಂತ. ಬೆರಳಿಗೆ ಕುಂಕುಮ ತೆಗೆದುಕೊಂಡ. ಬೆರಳು ಬಾನೆಟ್ಟಿನ ಹತ್ತಿರದವರೆಗೂ ಹೋಯಿತು, ಹೋಗಿ ನಿಂತಿತು. ಎಲ್ಲರೂ ನೋಡುತ್ತಿದ್ದೆವು. ಅವನು ಹಿಂದಿರುಗಿ ಬಂದು, ಸಾಲಿನ ಕೊನೆಯಲ್ಲಿ ಬಗ್ಗಿ, ಆ ಬೊಟ್ಟನ್ನು ಉಪ್ಪುಕಾಗದದ ನಡುವೆ ಇಟ್ಟು, ಅದನ್ನೆತ್ತಿ ನನ್ನ ಅಂಗೈಯಲ್ಲಿರಿಸಿದ.

"ಇದಕ್ಕೆ ತುಕ್ಕು ಹಿಡಿಯಲ್ಲ ಕಣ್ಲಾ. 'ಒರಸ್ಬೇಡ' ಅಂತ ಬೇಕಾದ್ರೆ ಯೋಳು" ಎಂದ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಹಬ್ಬದ ದಿನ ಗಾಡಿ ಬೋಳು ಹಣೇಲಿ ಹೋಗಾಕಿಲ್ಲ" ಎಂದು ತಾನೇ ಬಂದು ಎದುರಿನ ಗಾಜಿಗೆ ಒಂದು ಒಣ ಬೊಟ್ಟು ಇಟ್ಟಳು; ಗಾಜಿಗೆ ತುಕ್ಕಿಲ್ಲವೆಂಬ ತಿಳಿವು ಇಷ್ಟು ವರ್ಷ ನನ್ನ ಪೇಂಟ್ ವಿಭಾಗಕ್ಕೆ ಹೊಳೆದಿರಲಿಲ್ಲ. ಅಷ್ಟು ಹೊತ್ತಿಗೆ ಸುಮಾ ಬಾಗಿಲು ತೆಗೆದು, ತನ್ನ ಹಳೆಯ ಜಾಗದಲ್ಲಿ ಹತ್ತಿ ಕೂತು, "ದೊಡ್ಡಪ್ಪಾ, ಬತ್ತೀಯಾ ಇಲ್ವಾ?" ಎಂದು ಕೂಗಿದಳು. ಅಣ್ಣ ನಡುಮನೆಗೆ ಹೋಗಿ ಅದೇ ಹಳೆಯ ಮೊಳೆಯಿಂದ ಕೀಲಿಕೈ ಇಳಿಸಿಕೊಂಡು ಬಂದ. ನಾನು ಹಿಂದಿನ ತೊಟ್ಟಿಯಲ್ಲಿ, ಇಸ್ತ್ರಿ ಅಂಗಿ ಸುಕ್ಕಾದರೆ ಆಗಲಿ ಎಂದು ಕೂತೆ. ತೋಟದವರೆಗೂ ಅಣ್ಣ ಎರಡನೇ ಗೇರು ದಾಟಲಿಲ್ಲ.

ಆ ಉಪ್ಪುಕಾಗದವೇ ಈ ಖಾನೆಯಲ್ಲಿರುವುದು, ಆ ಕುಂಕುಮವೇ ಅದರ ಮೇಲಿರುವುದು. ಇನ್ನೊಂದು ಸಲ ಹೆಂಡತಿ ಬುಟ್ಟಿಗೆ ಹಾಕಿದರೆ ಇನ್ನೊಂದು ಸಲ ಎತ್ತಿ ತರುತ್ತೇನೆ. ಎಲ್ಲ ಕಬ್ಬಿಣದ ಮೇಲಿನದನ್ನೂ ಒರೆಸಲು ನಾನೀಗ ಕಲಿತಿದ್ದೇನೆ, ಪೂಜೆಯ ಮಾರನೆಯ ಬೆಳಿಗ್ಗೆ ಬಟ್ಟೆ ಹಿಡಿದು ನಿಲ್ಲುವವನು ನಾನೇ. ಇದೊಂದನ್ನು ಬಿಟ್ಟು. ಅಣ್ಣ ಇಟ್ಟ ಕುಂಕುಮವನ್ನು ನಾನು ಹೇಗೆ ಒರೆಸಲಿ?